ಹೊಸ ಜಾಗವೋ, ಅಪ್‌ಗ್ರೇಡೋ? ಆಟದಲ್ಲಿ ಕೂಡಿಟ್ಟ ಪಾಯಿಂಟ್ ಎಲ್ಲಿ ಹಾಕಬೇಕು

ಕಳೆದ ದಸರಾ ರಜೆಗೆ ಮಂಡ್ಯದಿಂದ ನಮ್ಮಕ್ಕನ ಮಗ ಮೈಸೂರಿಗೆ ಬಂದಿದ್ದ. ಏಳನೇ ಕ್ಲಾಸಿನ ಹುಡುಗ. ಮಧ್ಯಾಹ್ನ ಊಟ ಆದ ಮೇಲೆ ಪಕ್ಕಕ್ಕೆ ಬಂದು ಕೂತು ಫೋನ್ ತೋರಿಸಿದ. ಹಿಲ್ ಕ್ಲೈಂಬ್ ರೇಸಿಂಗ್ ಆಟ. ಮೂರು ವಾರದಿಂದ ಒಂದು ಕಾಯಿನ್ ಕೂಡ ಖರ್ಚು ಮಾಡದೆ ಕೂಡಿಟ್ಟಿದ್ದ. "ಮಾವ, ಹೊಸ ಸ್ಟೇಜ್ ತಗೊಳ್ಳಲಾ, ಇಲ್ಲ ಜೀಪ್‌ಗೆ ಟೈರ್ ಹಾಕಿಸಲಾ?" ಅಂತ ಕೇಳಿದ. ನಾನು ಬಾಯಿ ಬಿಡುವಷ್ಟರಲ್ಲಿ ಅವನ ಬೆರಳು ಒತ್ತಿಯಾಗಿತ್ತು. ಆರ್ಕ್ಟಿಕ್ ಸ್ಟೇಜ್ ತೆರೆಯಿತು.

ಎಲ್ಲಾ ಕಡೆ ಹಿಮ. ನೋಡೋಕೆ ಚೆಂದ. ಜೀಪ್ ಮೊದಲ ಇಳಿಜಾರು ಸಲೀಸಾಗಿ ಇಳಿಯಿತು. ಆಮೇಲೆ ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗತೊಡಗಿತು. ಜೀಪ್ ಮೆಲ್ಲಗೆ ಹಿಂದಕ್ಕೆ ಜಾರಿತು. ಅವನು ಇನ್ನೂ ಜೋರಾಗಿ ಒತ್ತಿದ. ಮೇಲೆ ಪೆಟ್ರೋಲ್ ಗೆರೆ ಹಸಿರಿನಿಂದ ಕೆಂಪಿಗೆ ಬಂತು, ಖಾಲಿಯಾಯಿತು. ಮತ್ತೆ ಆಡಿದ, ಮತ್ತೆ ಅದೇ ಏರಿನಲ್ಲಿ ನಿಂತ. ನಾಲ್ಕನೇ ಸಲಕ್ಕೆ ಫೋನ್ ಮಗುಚಿ ಇಟ್ಟುಬಿಟ್ಟ. ಆ ಮುಖ ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಮೂರು ವಾರದ ಕೂಡಿಕೆ ಅದು.

ಅವನಿಗೆ ಆಗ ಹೇಳಬೇಕಿದ್ದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸ ಜಾಗ ಮೇಲೋ, ಅಪ್‌ಗ್ರೇಡ್ ಮೇಲೋ ಅಂತ ಕೇಳಿದರೆ ಎಲ್ಲಾ ಆಟಕ್ಕೂ ಹೊಂದುವ ಉತ್ತರ ಸಿಗುವುದಿಲ್ಲ. ಬೇರೆ ಪ್ರಶ್ನೆ ಕೇಳಬೇಕು: ನಾನೀಗ ಎಲ್ಲಿ ನಿಂತುಹೋಗಿದ್ದೇನೆ? ಮುಂದಿನ ಪಾಯಿಂಟ್ ಬರದಂತೆ ತಡೆಯುತ್ತಿರುವುದು ಏನು? ಗಾಡಿಗೆ ಶಕ್ತಿ ಇಲ್ಲದೆ ನಿಂತಿದ್ದರೆ ಅಪ್‌ಗ್ರೇಡ್. ಗಾಡಿ ಚೆನ್ನಾಗಿ ಓಡುತ್ತಿದೆ, ಆದರೆ ಇರುವ ಜಾಗದಲ್ಲಿ ಸಿಗಬೇಕಾದ್ದೆಲ್ಲಾ ಸಿಕ್ಕಾಗಿದೆ ಅಂದರೆ ಹೊಸ ಜಾಗ.

ಮೊದಲು ಆ ಪಾಯಿಂಟ್ ಎಂಥದ್ದು ಅಂತ ನೋಡಿ

ಎಲ್ಲಾ ಪಾಯಿಂಟೂ ದುಡ್ಡಿನ ಥರ ಅಲ್ಲ. ಕೆಲವು ಆಟದಲ್ಲಿ ಪಾಯಿಂಟ್ ಖರ್ಚೇ ಆಗುವುದಿಲ್ಲ. 1996ರ ಸೂಪರ್ ಮಾರಿಯೋ 64 ತಗೊಳ್ಳಿ. ಅದರಲ್ಲಿ ಒಟ್ಟು 120 ನಕ್ಷತ್ರ. ಕೋಟೆಯೊಳಗಿನ ಬಾಗಿಲುಗಳು ನಿಮ್ಮ ಹತ್ತಿರ ಎಷ್ಟು ನಕ್ಷತ್ರ ಇದೆ ಅಂತ ಎಣಿಸುತ್ತವೆ ಅಷ್ಟೇ. 8 ಇದ್ದರೆ ಖಳನಾಯಕ ಬೌಸರ್‌ನ ಮೊದಲ ಬಾಗಿಲು, 30 ಇದ್ದರೆ ಎರಡನೆಯದು. ಕೊನೆಗೆ ಮುಗಿಯದ ಮೆಟ್ಟಿಲು ಒಂದಿದೆ. ನಮ್ಮ ಚಾಮುಂಡಿ ಬೆಟ್ಟದ್ದು ಸಾವಿರ ಚಿಲ್ಲರೆ ಮೆಟ್ಟಿಲು. ಏದುಸಿರು ಬಿಟ್ಟರೂ ನಂದಿ ಸಿಗುತ್ತಾನೆ, ಆಮೇಲೆ ದೇವಸ್ಥಾನ ಸಿಗುತ್ತದೆ. ಆಟದ ಆ ಮೆಟ್ಟಿಲು 70 ನಕ್ಷತ್ರ ಇಲ್ಲದಿದ್ದರೆ ಎಷ್ಟು ಹತ್ತಿದರೂ ಮುಗಿಯುವುದೇ ಇಲ್ಲ. ಇಂಥ ಆಟದಲ್ಲಿ ಯಾವುದಕ್ಕೆ ಹಾಕಲಿ ಅನ್ನುವ ತಲೆನೋವೇ ಇಲ್ಲ. ಸುಲಭವಾಗಿ ಸಿಗುವ ನಕ್ಷತ್ರ ಮೊದಲು ಎತ್ತಿಕೊಳ್ಳಿ, ಕಷ್ಟದ್ದನ್ನು ಆಮೇಲೆ ನೋಡೋಣ.

ಎರಡನೇ ಬಗೆ ಹಿಲ್ ಕ್ಲೈಂಬ್ ಥರದ್ದು. ಕೊಟ್ಟರೆ ಹೋಯಿತು. ಸ್ಟೇಜಿಗೂ ಅದೇ ಕಾಯಿನ್, ಎಂಜಿನ್ನಿಗೂ ಅದೇ ಕಾಯಿನ್. ಒಂದಕ್ಕೆ ಹಾಕಿದರೆ ಇನ್ನೊಂದು ಕಾಯಬೇಕು. ಈ ಬರಹದಲ್ಲಿ ಜಾಸ್ತಿ ಮಾತು ಇದರ ಬಗ್ಗೆಯೇ.

ಮೂರನೇ ಬಗೆಯ ಪಾಯಿಂಟ್ ಕೈಯಲ್ಲಿದ್ದಾಗ ಕಳೆದುಹೋಗುತ್ತದೆ. ಹಾಲೋ ನೈಟ್ ಆಟದಲ್ಲಿ ಜಿಯೋ ಅನ್ನುವ ನಾಣ್ಯ ಇದೆ. ಸತ್ತರೆ ಕೈಯಲ್ಲಿದ್ದ ಜಿಯೋ ಸತ್ತ ಜಾಗದಲ್ಲಿ ನಿಮ್ಮ ನೆರಳಿನ ಹತ್ತಿರ ಉಳಿಯುತ್ತದೆ. ಹೋಗಿ ಆ ನೆರಳನ್ನು ಹೊಡೆದು ವಾಪಸ್ ತಗೋಬೇಕು. ಅಲ್ಲಿಗೆ ಮುಟ್ಟುವ ಮೊದಲೇ ಮತ್ತೆ ಸತ್ತರೆ ಎಲ್ಲಾ ಹೋಯಿತು. ಎಲ್ಡೆನ್ ರಿಂಗ್‌ನ ರೂನ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಇಲ್ಲಿ ದೊಡ್ಡ ಬಾಗಿಲಿಗೆ ಅಂತ ತಿಂಗಳುಗಟ್ಟಲೆ ಕೂಡಿಡುವುದು ತಪ್ಪು. ಪುಟ್ಟ ಅಪ್‌ಗ್ರೇಡ್ ಆದರೂ ಸರಿ, ಸಿಕ್ಕಾಗ ಹಾಕಿಬಿಡಿ. ಹಾಕಿದ್ದನ್ನು ಸಾವು ಕಿತ್ತುಕೊಳ್ಳುವುದಿಲ್ಲ.

ಪೆನ್ನು ಪೇಪರ್ ತಗೊಂಡು ಒಂದು ಲೆಕ್ಕ

ಹುಡುಗನ ಜೊತೆ ಆವತ್ತು ಸಂಜೆ ಕೂತು ಮಾಡಿದ ಲೆಕ್ಕ ಇದು. ಅಂಕಿಗಳು ಸುಲಭಕ್ಕೆ ಅಂತ ನಾವೇ ಇಟ್ಟುಕೊಂಡವು. ಯಾವ ಆಟದ ಬೆಲೆಯೂ ಅಲ್ಲ.

ಈಗ ಒಂದು ಸಲ ಆಡಿದರೆ 2,000 ಕಾಯಿನ್ ಬರುತ್ತದೆ ಅಂದುಕೊಳ್ಳಿ. ಟೈರ್‌ಗೆ 10,000. ಟೈರ್ ಹಾಕಿದರೆ ಒಂದು ಆಟಕ್ಕೆ 2,500 ಬರುತ್ತದೆ. ಹೊಸ ಸ್ಟೇಜಿಗೆ 40,000. ಅಲ್ಲಿ ಒಂದು ಆಟಕ್ಕೆ 4,000 ಬರುತ್ತದೆ. ನಿಮಗೆ ಕೊನೆಗೆ ಎರಡೂ ಬೇಕು. ಯಾವುದು ಮೊದಲು?

ಸ್ಟೇಜ್ ಮೊದಲು ಅಂದರೆ 2,000ದಂತೆ 20 ಆಟ ಆಡಬೇಕು. ಆಮೇಲೆ ಟೈರಿಗೆ 4,000ದಂತೆ 3 ಆಟ. ಒಟ್ಟು 23. ಟೈರ್ ಮೊದಲು ಅಂದರೆ 5 ಆಟಕ್ಕೆ ಟೈರ್ ಬಂತು. ಆಮೇಲೆ 2,500ರಂತೆ 16 ಆಟಕ್ಕೆ ಸ್ಟೇಜ್. ಒಟ್ಟು 21. ಎರಡು ಆಟ ಉಳಿಯಿತು. ಅಷ್ಟೇ ಅಲ್ಲ, ಹೊಸ ಸ್ಟೇಜಿಗೆ ಹೋಗುವಾಗ ಕೈಯಲ್ಲಿ ಒಳ್ಳೆ ಟೈರ್ ಇರುತ್ತದೆ.

ಈಗ ಒಂದೇ ಒಂದು ಅಂಕಿ ಬದಲಾಯಿಸಿ. ಟೈರ್ ಹಾಕಿದರೂ ಸಿಗುವುದು 2,200 ಮಾತ್ರ ಅನ್ನಿ. ಆಗ 5 ಆಟ ಟೈರಿಗೆ, 19 ಆಟ ಸ್ಟೇಜಿಗೆ. ಒಟ್ಟು 24. ಸ್ಟೇಜ್ ಮೊದಲು ತಗೊಂಡಿದ್ದರೆ 23 ಸಾಕಿತ್ತು. ಲೆಕ್ಕ ತಿರುಗಿಬಿಟ್ಟಿತು.

ಇದರಲ್ಲಿ ಎರಡು ವಿಷಯ ಇವೆ. ಒಂದು, ಅಗ್ಗದ ಅಪ್‌ಗ್ರೇಡ್ ಆದಾಯವನ್ನು ಎದ್ದು ಕಾಣುವಷ್ಟು ಏರಿಸಿದರೆ ಅದು ಮೊದಲು. ಎರಡು, ಅಪ್‌ಗ್ರೇಡಿನ ಬೆಲೆ ಏರುತ್ತಾ ಹೋಗಿ ಸಿಗುವ ಲಾಭ ಇಳಿಯುತ್ತಾ ಬಂದಾಗ ನಿಲ್ಲಿಸಬೇಕು. ಬಹುಪಾಲು ಆಟಗಳಲ್ಲಿ ಮೊದಲ ಮೂರ್ನಾಲ್ಕು ಹಂತ ಅಗ್ಗ, ಲಾಭ ಜಾಸ್ತಿ. ಆಮೇಲಿನವು ದುಬಾರಿ, ಲಾಭ ಅಷ್ಟಕ್ಕಷ್ಟೇ. ಆ ತಿರುವಿನಲ್ಲೇ ಹೊಸ ಜಾಗದ ಕಡೆ ನೋಡಬೇಕು. ಎಲ್ಲವನ್ನೂ ಕೊನೆ ಹಂತಕ್ಕೆ ತಂದೇ ಮುಂದೆ ಹೋಗುತ್ತೇನೆ ಅನ್ನುವವರನ್ನು ಕಂಡಿದ್ದೇನೆ. ಅವರು ಒಂದೇ ಗುಡ್ಡ ನೂರು ಸಲ ಹತ್ತಿ ಬೇಸತ್ತು ಆಟವನ್ನೇ ಅಳಿಸಿಬಿಡುತ್ತಾರೆ.

ಹಿಲ್ ಕ್ಲೈಂಬ್‌ನದೇ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಅಪ್‌ಗ್ರೇಡ್ ಆಯಾ ಗಾಡಿಗೆ ಮಾತ್ರ ಸೇರಿದ್ದು. ಜೀಪಿಗೆ ಹಾಕಿದ ಎಂಜಿನ್ ಬೇರೆ ಗಾಡಿಗೆ ಬರುವುದಿಲ್ಲ. ಸ್ಟೇಜ್ ಹಾಗಲ್ಲ. ಒಮ್ಮೆ ತೆರೆದರೆ ನಿಮ್ಮ ಎಲ್ಲಾ ಗಾಡಿಗೂ ತೆರೆದಂತೆ. ಹಾಗಾಗಿ ಇನ್ನೇನು ಗಾಡಿ ಬದಲಾಯಿಸುತ್ತೇನೆ ಅನ್ನುವ ಯೋಚನೆ ಇದ್ದರೆ ಹಳೇ ಗಾಡಿಗೆ ಸುರಿಯಬೇಡಿ. ಜೀಪಿನಲ್ಲೇ ಇರುತ್ತೇನೆ ಅಂದರೆ ನನ್ನ ಸಲಹೆ ಟೈರ್ ಮತ್ತು ಫೋರ್ ವೀಲ್ ಡ್ರೈವ್. ಬರೀ ಎಂಜಿನ್ ಏರಿಸಿದರೆ ಏರಿನಲ್ಲಿ ಮೂತಿ ಮೇಲೆದ್ದು ಜೀಪ್ ಹಿಂದಕ್ಕೆ ಮಗುಚುತ್ತದೆ, ಡ್ರೈವರ್ ತಲೆ ನೆಲಕ್ಕೆ ಬಡಿದು ಆಟ ಮುಗಿಯುತ್ತದೆ. ಹುಡುಗರೆಲ್ಲಾ ಮೊದಲು ಎಂಜಿನ್‌ಗೇ ಕೈ ಹಾಕುತ್ತಾರೆ.

ಭಾವ ಗದ್ದೆಯಲ್ಲಿ ಹೇಳಿದ್ದು

ಹುಡುಗನನ್ನು ವಾಪಸ್ ಬಿಡಲು ಮಂಡ್ಯಕ್ಕೆ ಹೋದಾಗ ಭಾವನ ಜೊತೆ ಗದ್ದೆ ಕಡೆ ಹೋದೆ. ಅವರದ್ದು ನಾಲೆ ಬಯಲಿನ ಜಮೀನು, ಕಬ್ಬು. ಪಕ್ಕದವರು ಹತ್ತು ಗುಂಟೆ ಗುತ್ತಿಗೆಗೆ ಕೊಡುತ್ತೇವೆ ಅಂದಿದ್ದರು. ಭಾವ ಇನ್ನೂ ಒಪ್ಪಿರಲಿಲ್ಲ. ಯಾಕೆ ಅಂದೆ. "ನೋಡಪ್ಪಾ, ನಾಲೆ ನೀರು ನಮ್ಮ ಗದ್ದೆಯ ಆ ಮೂಲೆಗೇ ಸರಿಯಾಗಿ ಮುಟ್ಟಲ್ಲ. ಇನ್ನೂ ಹತ್ತು ಗುಂಟೆ ತಗೊಂಡು ಏನು ಮಾಡಲಿ? ಮೊದಲು ನೀರು ಎಲ್ಲಿ ನಿಲ್ತದೆ ಅಂತ ನೋಡಬೇಕು," ಅಂದರು. ಹುಡುಗ ಬದುವಿನ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಆರ್ಕ್ಟಿಕ್ ಏರು ನೆನಪಾಗಿರಬೇಕು, ನನ್ನ ಮುಖ ನೋಡಿದ.

ನಿಜಕ್ಕೂ ಅದೇ ಮಾತು. ಜಾಗ ದೊಡ್ಡದಾದ ಮಾತ್ರಕ್ಕೆ ಆದಾಯ ಹೆಚ್ಚುವುದಿಲ್ಲ. ಆ ಜಾಗಕ್ಕೆ ನೀವು ನೀರು ಮುಟ್ಟಿಸಬಲ್ಲಿರಾ ಅನ್ನುವುದು ಮುಖ್ಯ. ಆದರೆ ಭಾವನ ಮಾತನ್ನು ತಿರುಗಿಸಿಯೂ ನೋಡಬೇಕು. ನೀರು ಚೆನ್ನಾಗಿ ಹರಿದು ಬದು ಮೀರಿ ಆಚೆ ಹೋಗುತ್ತಿದ್ದರೆ ಪಕ್ಕದ ಹತ್ತು ಗುಂಟೆ ಬಿಡುವುದೇ ತಪ್ಪು.

ಅಪ್‌ಗ್ರೇಡೇ ಬೀಗದ ಕೈ ಆದಾಗ

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಕೆಲವು ಅಪ್‌ಗ್ರೇಡ್ ಹೊರಗಿಂದ ನೋಡಿದರೆ ಬರೀ ಅಪ್‌ಗ್ರೇಡ್. ಒಳಗೆ ಅದೇ ಬಾಗಿಲು.

ನನಗೆ ತುಂಬಾ ಇಷ್ಟವಾದ ಆಟ ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂತು, ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. 500 ಗೋಲ್ಡ್ ಮತ್ತು 15 ಪಾರ್ಸ್‌ನಿಪ್ ಬೀಜದಿಂದ ಬೇಸಾಯ ಶುರು. ಅದರಲ್ಲಿ ಕೊಡಲಿಯನ್ನು ಮೊದಲು ತಾಮ್ರಕ್ಕೆ, ಆಮೇಲೆ ಉಕ್ಕಿಗೆ ಏರಿಸಬಹುದು. ತಾಮ್ರಕ್ಕೆ 2,000 ಗೋಲ್ಡ್, ಉಕ್ಕಿಗೆ 5,000. ಜೊತೆಗೆ ಆಯಾ ಲೋಹದ ಐದೈದು ಗಟ್ಟಿ ಕೊಡಬೇಕು. ಮರ ಬೇಗ ಕಡಿಯೋಕೆ ಇಷ್ಟೊಂದು ಯಾಕೆ ಅನ್ನಿಸುತ್ತದೆ ಅಲ್ವಾ? ಆದರೆ ಉಕ್ಕಿನ ಕೊಡಲಿ ಬಂದ ಮೇಲೆ ಕಾಡಿನ ಮೂಲೆಯಲ್ಲಿ ಅಡ್ಡ ಬಿದ್ದಿರುವ ದೊಡ್ಡ ದಿಮ್ಮಿ ಒಡೆಯುತ್ತದೆ. ಅದರ ಹಿಂದೆ ಗುಟ್ಟಿನ ಕಾಡು ಇದೆ. ಅಲ್ಲಿ ಆರು ದೊಡ್ಡ ಬೊಡ್ಡೆಗಳು, ದಿನಾ ಮತ್ತೆ ಹುಟ್ಟುತ್ತವೆ. ಗಟ್ಟಿ ಮರ ಬೇಕಾದಷ್ಟು. ಒಂದು ಖರ್ಚಿಗೆ ಎರಡು ಕೆಲಸ.

ಬ್ರೆತ್ ಆಫ್ ದಿ ವೈಲ್ಡ್ ಆಟದಲ್ಲೂ ಹೀಗೇ. ಅಲ್ಲಿನ ಪಾಯಿಂಟ್ ಅಂದರೆ ಸ್ಪಿರಿಟ್ ಆರ್ಬ್. ನಾಲ್ಕು ಕೊಟ್ಟರೆ ಒಂದು ಹೃದಯ ಅಥವಾ ಒಂದಿಷ್ಟು ದಮ್ಮು ಸಿಗುತ್ತದೆ. ಹೃದಯ ಅಂದರೆ ಜಾಸ್ತಿ ಏಟು ತಾಳಬಹುದು. ದಮ್ಮು ಅಂದರೆ ಜಾಸ್ತಿ ಹೊತ್ತು ಬಂಡೆ ಹತ್ತಬಹುದು, ಗಾಳಿಯಲ್ಲಿ ತೇಲಬಹುದು. ಅಲ್ಲಿ ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲಾ ಹತ್ತಬಹುದಾದ್ದರಿಂದ ದಮ್ಮೇ ಹೊಸ ಜಾಗದ ಟಿಕೆಟ್. ಹೊಸಬರಿಗೆ ನಾನು ಮೊದಲು ದಮ್ಮು ಅನ್ನುತ್ತೇನೆ. ಹೊಡೆತ ತಿನ್ನುವ ಜಾಗದಿಂದ ಓಡಿಹೋಗಬಹುದು, ಆದರೆ ಅರ್ಧ ಬಂಡೆಯಲ್ಲಿ ದಮ್ಮು ಕಟ್ಟಿದರೆ ಬೇರೆ ದಾರಿಯೇ ಇಲ್ಲ. ಮಾಸ್ಟರ್ ಸೋರ್ಡ್ ಅನ್ನುವ ಕತ್ತಿ ಕೀಳೋಕೆ ಮಾತ್ರ 13 ಹೃದಯ ಬೇಕೇ ಬೇಕು. ಅದು ಆಮೇಲಿನ ಮಾತು.

ಹಾಲೋ ನೈಟ್‌ನಲ್ಲಿ ಲೂಮಫ್ಲೈ ಲಾಂದ್ರ 1,800 ಜಿಯೋ. ಹೊಡೆದಾಟಕ್ಕೆ ಒಂದಿಷ್ಟೂ ಉಪಯೋಗವಿಲ್ಲ. ಆದರೆ ಅದಿಲ್ಲದೆ ಕತ್ತಲೆಯ ದಾರಿಗಳಲ್ಲಿ ಏನೂ ಕಾಣುವುದಿಲ್ಲ. ಅದೇ ಆಟದಲ್ಲಿ ಕತ್ತಿಯ ಮೊದಲ ಹದ 250 ಜಿಯೋ. ಹೊಡೆತ 5ರಿಂದ 9ಕ್ಕೆ ಏರುತ್ತದೆ. ಅಂದರೆ 15 ಪ್ರಾಣ ಇರುವ ಹುಳುವಿಗೆ ಮೂರು ಏಟು ಬೇಕಿದ್ದದ್ದು ಎರಡಕ್ಕೆ ಮುಗಿಯುತ್ತದೆ. ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಆ ಆಟದಲ್ಲಿ ಬೇರೆ ಎಲ್ಲೂ ಇಲ್ಲ ಅಂತ ನನ್ನ ಅನಿಸಿಕೆ. ಹದ ಹಾಕುವವನು ಸಿಗುವುದು ಸಿಟಿ ಆಫ್ ಟಿಯರ್ಸ್‌ನಲ್ಲಿ. ಹಾಗಾಗಿ ಆ ಊರು ಮುಟ್ಟುವುದು ಮೊದಲು, ಹದ ಆಮೇಲೆ, ಲಾಂದ್ರ ಅದರ ಹಿಂದೆ. ಜಾಗ, ಅಪ್‌ಗ್ರೇಡ್, ಮತ್ತೆ ಜಾಗ.

ಹೊಸ ಜಾಗವೇ ಮೊದಲು ಅನ್ನುವ ಹೊತ್ತು

ಮತ್ತೆ ಸ್ಟಾರ್‌ಡ್ಯೂಗೆ ಬರುತ್ತೇನೆ. ಅಲ್ಲಿ ಕೆಟ್ಟು ನಿಂತ ಬಸ್ಸು ಒಂದಿದೆ. ಊರಿನ ಕಮ್ಯುನಿಟಿ ಸೆಂಟರ್ ಮೂಲಕ ರಿಪೇರಿ ಮಾಡಿಸಿದರೆ 2,500, 5,000, 10,000, 25,000 ಅಂತ ನಾಲ್ಕು ಕಂತು, ಒಟ್ಟು 42,500 ಗೋಲ್ಡ್. ಬಸ್ಸು ಸರಿಯಾದರೆ ಮರುಭೂಮಿ ತೆರೆಯುತ್ತದೆ. ಅಲ್ಲಿ ಬೇರೆ ಬೀಜ ಸಿಗುತ್ತದೆ, ಇರಿಡಿಯಂ ಅನ್ನುವ ಲೋಹ ಸಿಗುವ ಸ್ಕಲ್ ಕ್ಯಾವರ್ನ್ ಗುಹೆ ಇದೆ. ಒಳ್ಳೇ ಇರಿಡಿಯಂ ಬೇಕು ಅಂದರೆ ಹಳೇ ಗಣಿಯಲ್ಲಿ ಎಷ್ಟು ತೋಡಿದರೂ ಅಷ್ಟಾಗಿ ಸಿಗುವುದಿಲ್ಲ. ಇಂಥ ಕಡೆ ಅಪ್‌ಗ್ರೇಡಿಗೆ ಅಂತ ಕೂತರೆ ನಿಂತಲ್ಲೇ ನಿಲ್ಲುತ್ತೀರಿ, ಯಾಕೆಂದರೆ ಮುಂದಿನ ಅಪ್‌ಗ್ರೇಡಿನ ಸಾಮಾನು ಬಾಗಿಲಿನ ಆಚೆಗಿದೆ. ಆದರೆ ಒಂದು ಎಚ್ಚರ. ಸ್ಕಲ್ ಕ್ಯಾವರ್ನ್ ತೆರೆಯುವ ಕೀಲಿ ಹಳೇ ಗಣಿಯ 120ನೇ ಮಹಡಿಯಲ್ಲಿದೆ. ಗಣಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ದುಡ್ಡು ಕಟ್ಟಿದರೆ ಮರುಭೂಮಿಗೆ ಹೋಗಿ ಕೀಲಿ ಇಲ್ಲದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ.

ಇದೇ ಆಟದ ಇನ್ನೊಂದು ಸಣ್ಣ ವಿಷಯ. ನೀರಿನ ಕ್ಯಾನನ್ನು ಕಮ್ಮಾರನಿಗೆ ಕೊಟ್ಟರೆ ಎರಡು ದಿನ ಕೈಯಲ್ಲಿ ಇರುವುದಿಲ್ಲ, ಗಿಡಕ್ಕೆ ನೀರು ಹಾಕುವುದು ನಿಂತುಹೋಗುತ್ತದೆ. ಟಿವಿಯಲ್ಲಿ ನಾಳೆ ಮಳೆ ಅಂತ ಬಂದ ದಿನ, ಅವತ್ತಿನ ನೀರು ಹಾಕಿ ಮುಗಿಸಿ ಕೊಡಿ. ಮಾರನೇ ದಿನದ ಕೆಲಸ ಮಳೆ ಮಾಡುತ್ತದೆ, ಅದರ ಮಾರನೇ ದಿನ ಕ್ಯಾನ್ ವಾಪಸ್ ಬಂದಿರುತ್ತದೆ. ಬೆಲೆ ಅಂದರೆ ಬರೀ ಪಾಯಿಂಟ್ ಅಲ್ಲ. ಕಾಯುವ ದಿನವೂ ಬೆಲೆಯೇ.

ಇನ್ನು ಬೇಸರ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ಒಂದೇ ಸ್ಟೇಜ್ ಆಡಿ ಆಡಿ ಸಾಕಾಗಿದ್ದರೆ ಲೆಕ್ಕ ಏನೇ ಹೇಳಲಿ, ಹೊಸ ಜಾಗ ತೆರೆಯಿರಿ. ಆಟ ಆಡೋದು ಖುಷಿಗೆ.

ಬಾಗಿಲು ತೆರೆದರೆ ಎದುರಾಳಿಯೂ ದೊಡ್ಡವನಾಗುವ ಆಟ

ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಬಗ್ಗೆ ಬೇರೆಯಾಗಿ ಹೇಳಬೇಕು. ಇದೂ ಹಿಲ್ ಕ್ಲೈಂಬ್ ಥರ 2012ರದ್ದು, ಎರಡೂ ಫಿನ್‌ಲೆಂಡ್‌ನವರ ಆಟ. ಊರು ಕಟ್ಟಿ ಬೇರೆಯವರ ಊರಿನ ಮೇಲೆ ದಾಳಿ ಮಾಡುವ ಆಟ ಇದು. ಇಲ್ಲಿ ಊರಿನ ಮುಖ್ಯ ಕಟ್ಟಡವಾದ ಟೌನ್ ಹಾಲ್ ಏರಿಸಿದರೆ ಹೊಸ ಕಟ್ಟಡ, ಹೊಸ ಸೈನ್ಯ ತೆರೆಯುತ್ತದೆ. ಆಸೆಗೆ ಬಿದ್ದು ಗೋಡೆ, ತೋಪು, ಸೈನ್ಯ ಎಲ್ಲಾ ಹಳೇ ಹಂತದಲ್ಲೇ ಬಿಟ್ಟು ಟೌನ್ ಹಾಲ್ ಮಾತ್ರ ಏರಿಸುವವರು ಬಹಳ. ಆಗ ನಿಮಗಿಂತ ಕೆಳಗಿನ ಟೌನ್ ಹಾಲ್‌ನವರ ಮೇಲೆ ದಾಳಿ ಮಾಡಿದರೆ ಲೂಟಿ ಕಡಿಮೆ ಸಿಗುತ್ತದೆ. ಸಮಾನರ ಮೇಲೆ ಹೋಗೋಣ ಅಂದರೆ ನಿಮ್ಮ ಸೈನ್ಯಕ್ಕೆ ಆಗುವುದಿಲ್ಲ. ಎರಡೂ ಕಡೆ ಕೈ ಕಟ್ಟಿದಂತೆ. ಇಲ್ಲಿ ನನ್ನ ಕ್ರಮ ಇದು: ಮೊದಲು ಲ್ಯಾಬೊರೇಟರಿ, ಆರ್ಮಿ ಕ್ಯಾಂಪ್, ಆಗಾಗ ಬಳಸುವ ಸೈನಿಕರು. ಅವು ಏರಿದ ಮೇಲೆ ಟೌನ್ ಹಾಲ್. ಗೋಡೆಗಳೆಲ್ಲಾ ಮುಗಿಯುವವರೆಗೆ ಕಾಯಬೇಕಿಲ್ಲ. ಆಟದಲ್ಲಿ ಬಿಟ್ಟಿ ಸಿಗುವ ಜೆಮ್‌ಗಳನ್ನು ಕಾಯುವ ಹೊತ್ತು ಕಡಿಮೆ ಮಾಡಲು ಸುರಿಯಬೇಡಿ. ಬಿಲ್ಡರ್ ಮನೆಗೆ ಹಾಕಿ. ಒಬ್ಬ ಬಿಲ್ಡರ್ ಹೆಚ್ಚಾದರೆ ಅವನು ಕೊನೆವರೆಗೂ ದುಡಿಯುತ್ತಾನೆ.

ವಾಪಸ್ ಸಿಗುತ್ತದಾ ಅಂತ ವಿಚಾರಿಸಿ

ಹಾಕಿದ ಪಾಯಿಂಟ್ ಹಿಂದಕ್ಕೆ ತಗೊಳ್ಳಬಹುದಾದರೆ ಅಷ್ಟು ಯೋಚಿಸಬೇಕಿಲ್ಲ. ಬ್ರೆತ್ ಆಫ್ ದಿ ವೈಲ್ಡ್‌ನ ಹಟೇನೋ ಹಳ್ಳಿಯಲ್ಲಿ ಕೊಂಬಿನ ವಿಗ್ರಹ ಒಂದಿದೆ. ಅದು ನಿಮ್ಮ ಹೃದಯವನ್ನೋ ದಮ್ಮನ್ನೋ 100 ರೂಪಿಗೆ (ರೂಪಿ ಅಂದರೆ ಆ ಆಟದೊಳಗಿನ ದುಡ್ಡು) ಕೊಂಡು, ಬೇಕಾದ್ದನ್ನು 120 ರೂಪಿಗೆ ಕೊಡುತ್ತದೆ. ತಪ್ಪಿನ ಬೆಲೆ ಬರೀ 20 ರೂಪಿ. ಹೇಡೀಸ್ ಆಟದಲ್ಲಿ ಒಂದು ಕೀಲಿ ಕೊಟ್ಟರೆ, ಅಪ್‌ಗ್ರೇಡ್ ಕೊಡುವ ಕನ್ನಡಿಗೆ ಹಾಕಿದ್ದೆಲ್ಲಾ ವಾಪಸ್. ಇಂಥ ಕಡೆ ಧೈರ್ಯವಾಗಿ ಹಾಕಿ ನೋಡಿ. ಜಾಗ ತೆರೆದದ್ದು ಮಾತ್ರ ಸಾಮಾನ್ಯವಾಗಿ ವಾಪಸ್ ಆಗುವುದಿಲ್ಲ. ಅದಕ್ಕೇ ಜಾಗದ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲಬೇಕು.

ನಿಜವಾದ ದುಡ್ಡು ಕೊಟ್ಟು ಪಾಯಿಂಟ್ ಕೊಳ್ಳುವ ವಿಷಯದಲ್ಲಿ ನನ್ನ ಮಾತು ಗಟ್ಟಿ: ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ. ಎರಡು ವರ್ಷದ ಹಿಂದೆ ಒಂದು ಆಟದಲ್ಲಿ ನಾನೇ ದುಡ್ಡು ಕೊಟ್ಟು ಒಂದು ಅಪ್‌ಗ್ರೇಡ್ ತಗೊಂಡಿದ್ದೆ. ತಿಂಗಳೊಳಗೆ ಆಟದ ಹೊಸ ಆವೃತ್ತಿ ಬಂತು, ಆ ಅಪ್‌ಗ್ರೇಡಿನ ಬಲ ಅರ್ಧಕ್ಕಿಳಿಯಿತು. ಬರೆದು ಕೇಳಿದೆ, ಉತ್ತರ ಬರಲಿಲ್ಲ. ಆಡಿ ಗಳಿಸಿದ್ದು ಹೋದರೆ ಮತ್ತೆ ಆಡಬಹುದು. ಆ ದುಡ್ಡು ಹೋಗಿಯೇ ಹೋಯಿತು.

ಹುಡುಗ ಈಗ ಹೇಗಿದ್ದಾನೆ ಅಂತ ಹೇಳಿಬಿಡುತ್ತೇನೆ. ಊರಿಗೆ ಹೋದವನು ಆರ್ಕ್ಟಿಕ್ ಬಿಟ್ಟು ಹಳೇ ಕಂಟ್ರಿಸೈಡ್ ಸ್ಟೇಜಿಗೇ ವಾಪಸ್ ಹೋದ. ಮೊದಲು ಟೈರ್, ಆಮೇಲೆ ಫೋರ್ ವೀಲ್ ಡ್ರೈವ್ ಏರಿಸಿದ. ಹೋದ ಭಾನುವಾರ ಫೋನ್ ಮಾಡಿ, "ಮಾವ, ಆ ಏರು ಹತ್ತಿಬಿಟ್ಟೆ!" ಅಂತ ಕೂಗಿದ. ಹಿಂದೆ ಅಕ್ಕ ಮೆಲ್ಲಗೆ ಮಾತಾಡು ಅಂತ ಗದರಿದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, ಹೊಸ ಗಾಡಿ ತಗೊಳ್ಳಲಾ ಅಂದ. ಗಾಡಿ ತಗೊಂಡ ಮೇಲೆ ಅದರ ಟೈರಿಗೆ ಕಾಯಿನ್ ಉಳಿಯುತ್ತದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಲೆಕ್ಕ ಹಾಕಿದ. "ಇಲ್ಲ ಮಾವ. ಇನ್ನೊಂದು ವಾರ ಜೀಪೇ ಓಡಿಸ್ತೀನಿ," ಅಂದ.